ದ್ಯಾವಮ್ಮ ಕೂತ ಗೋಡೆ

ನಮ್ಮೂರಿನಲ್ಲಿ ಮನೆಗೆ ಸುಣ್ಣ ಬಳಿಯುವ ಮುಂಚೆ ಬೀದಿಗೆ ಬಂದು ಗೋಡೆಯನ್ನು ಎಡಕ್ಕೂ ಬಲಕ್ಕೂ ಒಮ್ಮೆ ನೋಡಬೇಕು. ಯಾರಾದರೂ ದಾಟುತ್ತಿದ್ದರೆ ಅವರು ಪಕ್ಕದ ಮನೆಯ ಗೋಡೆಗೆ ಹೋಗುವ ತನಕ ಕಾಯಬೇಕು. ಯಾಕೆಂದರೆ ಕತ್ತರಿಸಿದ ಹಾಳೆಯನ್ನು ಗೋಡೆಗೆ ಹಿಡಿದು, ಅದರ ಮೇಲೆ ಬಣ್ಣ ಒತ್ತಿ ಮೂಡಿಸಿದ ಚಿತ್ರ ನಮ್ಮಲ್ಲಿ ಇದ್ದಲ್ಲೇ ಇರುವುದಿಲ್ಲ, ನಡೆಯುತ್ತದೆ. ಕುಂಚದಿಂದ ಬರೆದದ್ದು ಬರೆದಲ್ಲೇ ಇರುತ್ತದೆ. ಅಚ್ಚಿನಲ್ಲಿ ಮೂಡಿದ್ದು ಮಾತ್ರ ಹೊರಟುಬಿಡುತ್ತದೆ. ನೋಡುತ್ತ ನಿಂತರೆ ಅಲುಗಿದ್ದು ಕಾಣದು. ಒಲೆಯ ಮೇಲಿಟ್ಟ ಹಾಲಿನ ಹಾಗೆ, ನೀವು ಅತ್ತ ತಿರುಗಿದಾಗಲೇ ಅದರ ಕೆಲಸ.

ಯಾಕೆ ಹೀಗೆ ಎಂದು ಹೊರಗಿನಿಂದ ಬಂದವರು ಕೇಳುತ್ತಾರೆ. ಅದನ್ನು ಯೋಚಿಸಲು ನಮಗೆ ಪುರುಸೊತ್ತಿಲ್ಲ. ನಮ್ಮ ತಾಪತ್ರಯಗಳೇ ಬೇರೆ. ಗೋಡೆಗೆ ಏಣಿ ಒರಗಿಸಿದರೆ ದಾರಿ ಬಿಟ್ಟು ಒರಗಿಸಬೇಕು. ಬೆರಣಿ ತಟ್ಟುವವರು ಬುಡದಲ್ಲಿ ಜಾಗ ಬಿಟ್ಟು ಮೇಲೆ ತಟ್ಟಬೇಕು. ಇದರಿಂದ ಅನುಕೂಲವೂ ಇದೆ ಅನ್ನಿ. ಮದುವೆ ಮನೆಯವರು ಕೈಮುಗಿದ ಗಂಡುಹೆಣ್ಣಿನ ಅಚ್ಚು ಮಾಡಿಸಿ ತಮ್ಮ ಗೋಡೆಗೆ ಒತ್ತಿದರೆ ಸಾಕು, ಆ ಜೋಡಿ ನೆಂಟರ ಮನೆಗಳನ್ನೆಲ್ಲ ತಾನೇ ಮುಟ್ಟಿ ಬರುತ್ತದೆ. ಒಂದು ಸಲ ಮದುವೆ ಮುರಿದುಬಿದ್ದ ಮೇಲೂ ಜೋಡಿ ಊರು ಸುತ್ತುತ್ತಲೇ ಇತ್ತು. ಹುಡುಗನ ತಾಯಿ ಅದರ ಹಿಂದೆ ಪೊರಕೆ ಹಿಡಿದು ಓಡಾಡಿದ್ದನ್ನು ನಾನೇ ನೋಡಿದ್ದೇನೆ.

ದೂರು ಹೇಳುವುದೂ ಹೀಗೆಯೇ. ನಲ್ಲಿಯಲ್ಲಿ ನೀರು ಬಾರದಿದ್ದರೆ ಖಾಲಿ ಕೊಡ ಹೊತ್ತು ನಡೆಯುವ ಹೆಂಗಸು, ಬೀದಿದೀಪ ಉರಿಯದಿದ್ದರೆ ತಡಕಾಡುತ್ತ ನಡೆಯುವ ಮುದುಕ, ಹೀಗೆ ಒಂದೊಂದಕ್ಕೂ ಒಂದೊಂದು ಅಚ್ಚು. ಊಟ ಮುಗಿಸಿ ಊರು ಅಡ್ಡಾಗುವ ಮಧ್ಯಾಹ್ನದ ಹೊತ್ತಿನಲ್ಲಿ ಯಾರೋ ಬಂದು ಒತ್ತಿ ಹೋಗುತ್ತಾರೆ. ಬಿಸಿಲಿಗೆ ಬಣ್ಣವೂ ಬೇಗ ಒಣಗುತ್ತದೆ. ಚಿತ್ರಗಳು ಗೋಡೆಯಿಂದ ಗೋಡೆಗೆ ದಾಟಿ ಪುರಸಭೆಯ ಕಡೆ ನಡೆಯುತ್ತವೆ. ಪುರಸಭೆಯವರು ಇದನ್ನು ನಿಷೇಧಿಸಿ ದೊಡ್ಡ ಬೋರ್ಡು ಹಾಕಿದ್ದಾರೆ. ಚಿತ್ರಗಳಿಗೆ ಓದಲು ಬರುವುದಿಲ್ಲ. ಬೋರ್ಡಿನ ಕೆಳಗೇ ಹಾದುಹೋಗುತ್ತವೆ.

ಪುರಸಭೆಯ ಗೋಡೆ ಮುಟ್ಟಿದ ಮೇಲೆ ಅವುಗಳಿಗೆ ಸುಣ್ಣವೇ ಗತಿ. ಅಲ್ಲಿ ಮಾರಯ್ಯನೆಂಬ ನೌಕರ ಬಕೆಟ್ಟು ಹಿಡಿದು ಕಾದಿರುತ್ತಾನೆ. ಒಳ್ಳೆಯ ಮನುಷ್ಯ. ಪ್ರತಿ ಚಿತ್ರಕ್ಕೂ "ತಪ್ಪು ತಿಳ್ಕೋಬೇಡಿ" ಎಂದು ಹೇಳಿ, ಪಾದದಿಂದ ಶುರುಮಾಡುತ್ತಾನೆ. ಪಾದ ಮೊದಲು, ಮುಖ ಕೊನೆಗೆ. ಅದು ಅವನ ಅಪ್ಪ ಹಾಕಿಕೊಟ್ಟ ಪದ್ಧತಿ. ಹಿಂದೊಮ್ಮೆ ಯಾರೋ ಗೊತ್ತಿಲ್ಲದವರು ತಲೆಯಿಂದ ಶುರುಮಾಡಿ ಸೊಂಟದವರೆಗೆ ಬಳಿದು ಕಾಫಿ ಕುಡಿಯಲು ಹೋದರಂತೆ. ಬರುವಷ್ಟರಲ್ಲಿ ಮಿಕ್ಕ ಎರಡು ಕಾಲು ಹೊರಟುಹೋಗಿದ್ದವು. ಆ ಬರೀ ಕಾಲುಗಳು ಮಳೆಗಾಲ ಮುಗಿಯುವ ತನಕ ಊರಿನ ಗೋಡೆಗಳ ಮೇಲೆ ಅಲೆದವು. ಮಕ್ಕಳು ಹೆದರಿ ಜ್ವರ ಬಂದು ಮಲಗಿದವು. ಅಂದಿನಿಂದ ಪಾದ ಕಾಣದ ಚಿತ್ರಕ್ಕೆ ಮಾರಯ್ಯನ ಮನೆತನದವರು ಸುಣ್ಣ ಮುಟ್ಟಿಸುವುದಿಲ್ಲ.

ಒಟ್ಟಿನಲ್ಲಿ ನಮ್ಮೂರಿನ ಸಿಟ್ಟೆಲ್ಲ ಚೆನ್ನಾಗಿ ನಡೆದು ಹೋಗಿ ಸುಣ್ಣವಾಗುತ್ತಿತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ನಲ್ಲಿಯಲ್ಲಿ ನೀರು ಬರುತ್ತಿರಲಿಲ್ಲ, ಆದರೆ ಅಚ್ಚು ಒತ್ತಿದವರಿಗೆ ಏನೋ ಮಾಡಿದೆವೆಂಬ ಸಮಾಧಾನ. ಏನೂ ಮಾಡಬೇಕಾಗಿಲ್ಲವೆಂಬ ಸಮಾಧಾನ ಪುರಸಭೆಗೆ.

ನಾನು ಕಲ್ಲುಬೀದಿಯಲ್ಲಿ ಬ್ಲೌಸು ಹೊಲಿಯುವವಳು. ಟೈಲರ್ ಚಂಪಕ್ಕ ಅಂದರೆ ಎಲ್ಲರಿಗೂ ಗೊತ್ತು. ನನ್ನ ಅಂಗಡಿಯ ಬಾಗಿಲಿನಿಂದ ಲೈಟುಕಂಬದವರೆಗೆ ಇರುವ ಗೋಡೆಗೆ ಬೆನ್ನು ಕೊಟ್ಟು ದ್ಯಾವಮ್ಮ ಸೊಪ್ಪು ಮಾರುತ್ತಿದ್ದಳು. ನಾನು ಅಂಗಡಿ ತೆರೆಯುವ ಮುಂಚಿನಿಂದಲೂ ಅವಳು ಅಲ್ಲಿದ್ದಳು. ಅವಳಿಗಿಂತ ಮುಂಚೆ ಅವಳ ಅತ್ತೆ ಇದ್ದಳಂತೆ. ಸೊಪ್ಪಿಗೆ ನೀರು ಚಿಮುಕಿಸಿ ಚಿಮುಕಿಸಿ ನನ್ನ ಮೆಟ್ಟಿಲು ನೆನೆಸುತ್ತಿದ್ದಳು, ನಾನು ಬೈಯುತ್ತಿದ್ದೆ. ನಾನು ಊಟಕ್ಕೆ ಹೋದರೆ ಅಂಗಡಿಗೆ ಕಾವಲು ಅವಳೇ. ಬಂದ ಗಿರಾಕಿಗಳ ಅಳತೆ ಅವಳೇ ತೆಗೆದು ಕಳಿಸಿದ್ದೂ ಉಂಟು. ತಂಗಿಯೋ ಅಕ್ಕನೋ ನನಗಿಲ್ಲ. ಇದ್ದಿದ್ದರೆ ಅವಳ ಜೊತೆ ಇಷ್ಟು ಜಗಳವಾಡುತ್ತಿದ್ದೆನೋ ಇಲ್ಲವೋ.

ಕಾಂತರಾಜು ಅಧ್ಯಕ್ಷನಾದ ಮೇಲೆ ಅವನಿಗೆ ಕಲ್ಲುಬೀದಿ ಚೊಕ್ಕಟವಾಗಿರಬೇಕು ಅನ್ನಿಸಿತು. ನೆಲದ ಮೇಲೆ ಕೂತು ಮಾರುವ ಹೆಂಗಸರನ್ನೆಲ್ಲ ಎಬ್ಬಿಸಿ, ಊರಾಚೆ ಇಟ್ಟಿಗೆ ಗೂಡಿನ ಹಿಂದಿನ ತಗಡಿನ ಶೆಡ್ಡಿಗೆ ಕಳಿಸಿದ. ಅವರು ಕೂರುತ್ತಿದ್ದ ಜಾಗದಲ್ಲಿ ಹೂವಿನ ಕುಂಡಗಳು ಬಂದವು. ಹೂವನ್ನು ಆಡುಗಳು ತಿಂದವು, ಕುಂಡಗಳು ಉಳಿದವು. ಹೆಂಗಸರು ಸುಮ್ಮನಿರಲಿಲ್ಲ. ಬುಟ್ಟಿ ಹೊತ್ತು ನಡೆಯುವ ಹೆಂಗಸರ ಚಿತ್ರಗಳು ಸಾಲುಸಾಲಾಗಿ ಪುರಸಭೆಗೆ ಹೋದವು. ಮಾರಯ್ಯ ತಪ್ಪು ತಿಳ್ಕೋಬೇಡಿ ಎಂದು ಹೇಳಿ ಹೇಳಿ ಗಂಟಲು ಕಟ್ಟಿಸಿಕೊಂಡ. ಆಮೇಲೆ ಎಲ್ಲರೂ ಶೆಡ್ಡಿಗೆ ಹೊಂದಿಕೊಂಡರು. ದ್ಯಾವಮ್ಮನಿಗೆ ಮಾತ್ರ ಆಗಲಿಲ್ಲ.

ಒಂದು ಮಧ್ಯಾಹ್ನ ಅವಳು ಕುಂಟುತ್ತ ಅಂಗಡಿಗೆ ಬಂದು, ಮೆಷಿನ್ನಿನ ಎದುರು ನೆಲದ ಮೇಲೆ ಕುಸಿದಂತೆ ಕೂತಳು. ಬುಟ್ಟಿಯಲ್ಲಿ ಬೆಳಗಿನ ಸೊಪ್ಪು ಹಾಗೆಯೇ ಬಾಡಿ ಮಲಗಿತ್ತು. ಎರಡು ಮಂಡಿಯೂ ಊದಿದ್ದವು.

"ಒಂದ್ ಲೋಟ ನೀರು ಕೊಡೇ ಚಂಪಿ," ಎಂದಳು. "ಅಲ್ಲಿಗ್ ಯಾರ್ ಬರ್ತಾರೆ? ನಾನೂ ನನ್ ಸೊಪ್ಪೂ ಒಬ್ರ ಮುಖ ಒಬ್ರು ನೋಡ್ಕೊಂಡು ಬಾಡ್ತಾ ಇರ್ತೀವಿ. ಹೋಗಿ ಬಂದು ಮಂಡಿ ಬೇರೆ ಹೋಯ್ತು. ಡಾಕ್ಟ್ರು ಇನ್ಮೇಲೆ ನಡೀಬೇಡ ಅಂದವ್ರೆ."

"ಮತ್ತೇನ್ ಮಾಡ್ತೀಯ?"

"ಬಿಟ್ಬಿಡ್ತೀನಿ ಕಣೇ. ಮನೇಲಿ ಬಿದ್ಕೋತೀನಿ."

ನಾನು ನೀರು ಕೊಡುತ್ತಿದ್ದವಳು ಹಾಗೆಯೇ ನಿಂತೆ. ಅವಳ ಬಾಯಲ್ಲಿ ಬಿಟ್ಟುಬಿಡುವ ಮಾತನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಈ ಬೀದಿಯಲ್ಲಿ ಕೂರಲಾಗದಿದ್ದರೆ ಈ ಹೆಂಗಸು ಬದುಕುವುದಿಲ್ಲ ಅನ್ನಿಸಿತು. ಅದು ಬರೀ ಅನ್ನಿಸಿಕೆಯಲ್ಲ, ಅವಳ ಮುಖದ ಮೇಲೆ ಕಾಣುತ್ತಿತ್ತು.

"ನಿಂದೂ ಒಂದು ಅಚ್ಚು ಕತ್ತರಿಸ್ಲಾ?" ಎಂದೆ.

ಅವಳು ಬುಟ್ಟಿಯ ತಳದಿಂದ ತನ್ನ ಮಂಡಿಯ ಎಕ್ಸ್-ರೇ ಹಾಳೆ ತೆಗೆದು ಕೊಟ್ಟಳು. "ಇದ್ರಲ್ಲೇ ಕತ್ತರಿಸು. ನನ್ ಕೈಲಂತೂ ಆಗಲ್ಲ, ನನ್ ಚಿತ್ರವಾದ್ರೂ ನಡೀಲಿ."

ಎಕ್ಸ್-ರೇ ಹಾಳೆ ಅಚ್ಚಿಗೆ ಹೇಳಿಮಾಡಿಸಿದ್ದು. ನಮ್ಮೂರಿನಲ್ಲಿ ಯಾರೂ ಅದನ್ನು ಎಸೆಯುವುದಿಲ್ಲ. ಬೀದಿಯವರ ಎದೆ, ಭುಜ, ದವಡೆ ಎಲ್ಲವನ್ನೂ ಬೇಡಿ ತಂದು ದ್ಯಾವಮ್ಮನ ಮಂಡಿಯ ಸುತ್ತ ಟೇಪು ಹಚ್ಚಿ ದೊಡ್ಡ ಹಾಳೆ ಮಾಡಿದೆ. ನಾನು ಗೆರೆ ಎಳೆದು ಕತ್ತರಿಸುವವಳಲ್ಲ. ಎದುರಿಗಿರುವವರನ್ನು ನೋಡುತ್ತ ಕತ್ತರಿ ಆಡಿಸುವವಳು. ದ್ಯಾವಮ್ಮ ಎದುರಿಗೆ ಕೂತು ತನ್ನ ಕಾಲು ಉಜ್ಜಿಕೊಳ್ಳುತ್ತ, ಶೆಡ್ಡಿನ ತಗಡು ಕಾಯುವುದನ್ನೂ ಈರುಳ್ಳಿ ಮಾರುವ ತಿಮ್ಮಕ್ಕನ ಗೊರಕೆಯನ್ನೂ ವರ್ಣಿಸುತ್ತಿದ್ದಳು. ನಾನು ನಗುತ್ತ ಕತ್ತರಿಸಿದೆ.

ಬಿಡಿಸಿ ನೋಡಿದರೆ ಎಡವಟ್ಟಾಗಿತ್ತು. ಬ್ಲೌಸಿನ ಬೆನ್ನು ಕತ್ತರಿಸುವಾಗ ಬಟ್ಟೆಯನ್ನು ನಡುವೆ ಮಡಚಿ, ಅರ್ಧ ಕತ್ತರಿಸಿ, ಬಿಡಿಸಿದರೆ ಪೂರ್ತಿ ಬೆನ್ನು ಸಿಗುತ್ತದೆ. ನನ್ನ ಕೈ ಅಭ್ಯಾಸಬಲದಿಂದ ಹಾಳೆಯನ್ನೂ ಮಡಚಿತ್ತು. ನಡೆಯುವ ಚಿತ್ರವನ್ನು ಪಕ್ಕದಿಂದ ತೋರಿಸಬೇಕು, ಒಂದು ಕಾಲು ಮುಂದೆ, ಒಂದು ಹಿಂದೆ. ಇದು ಎದುರಿಗೆ ನೋಡುತ್ತ, ಎರಡೂ ಮಂಡಿ ಅತ್ತಿತ್ತ ಹರಡಿ, ಮುಂದೆ ಬುಟ್ಟಿ ಇಟ್ಟುಕೊಂಡು ಕೂತಿತ್ತು. ಸೀರೆಯ ಅಂಚು ನೆಲ ಮುಟ್ಟಿತ್ತು, ಅಷ್ಟೇ. ದ್ಯಾವಮ್ಮನಿಗೆ ಒಂದೇ ಕಡೆ ಇದ್ದ ಮೂಗುಬೊಟ್ಟು ಚಿತ್ರದಲ್ಲಿ ಮೂಗಿನ ಎರಡೂ ಕಡೆ ಬಂದಿತ್ತು.

ದ್ಯಾವಮ್ಮ ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ಹೊಳೇಲಿ ಕಳೆದುಹೋದ ಬೊಟ್ಟು ವಾಪಸ್ ಬಂತಲ್ಲೇ," ಎಂದಳು.

"ಇದು ಕೂತ್ಬಿಟ್ಟಿದೆ ಕಣೇ. ಕೂತ ಚಿತ್ರ ಎಲ್ಲಿಗ್ ಹೋಗತ್ತೆ? ಇರು, ಬೇರೆ ಕತ್ತರಿಸ್ತೀನಿ."

"ಬೇಡ. ಕೂತ್ಕೊಂಡ್ರೆ ಕೂತ್ಕೊಳ್ಳಲಿ. ಜೀವಮಾನವೆಲ್ಲಾ ನಾನ್ ಮಾಡಿದ್ದೂ ಅದೇ ತಾನೇ?"

ಬೀದಿ ಮಲಗಿತ್ತು. ಹೂಕುಂಡ ಸರಿಸಿ, ಅವಳು ಕೂರುತ್ತಿದ್ದ ಜಾಗದಲ್ಲೇ ಹಾಳೆ ಹಿಡಿದೆವು. ನಾನು ಸ್ಪಂಜಿನಿಂದ ಕಪ್ಪು ಬಣ್ಣ ಒತ್ತಿದೆ. ಬುಟ್ಟಿಯ ಸೊಪ್ಪಿಗೆ ಅವಳೇ ಹಸಿರು ಒತ್ತಿದಳು. ಚಿತ್ರ ಬಾಗಿಲಿನಿಂದ ಕಂಬದವರೆಗೆ ಗೋಡೆಯನ್ನೆಲ್ಲ ತುಂಬಿಕೊಂಡಿತು.

ಮಾರನೆಯ ದಿನ ಚಿತ್ರ ಅಲ್ಲೇ ಇತ್ತು, ಅದರ ಮರುದಿನವೂ. ಬೀದಿಯವರಿಗೆ ನಾನು ತಮಾಷೆಯ ವಸ್ತುವಾದೆ. "ಏನ್ ಚಂಪಕ್ಕ, ನಿಮ್ ಚಿತ್ರಕ್ಕೂ ಮಂಡಿ ನೋವಾ?" ಎಂದು ಕೇಳಿ ಹೋಗುವವರು. ಆದರೆ ಸಂಜೆ ಮನೆಗೆ ಹೋಗುವ ಹೆಂಗಸರು ಅದರ ಮುಂದೆ ಒಂದು ಗಳಿಗೆ ನಿಲ್ಲುವುದನ್ನು ನೋಡಿದೆ. ಒಬ್ಬಾಕೆ ಮೈಮರೆತು ಬಗ್ಗಿ ಮೆಂತ್ಯ ಹೇಗೆ ಎಂದು ಕೇಳಿಯೇಬಿಟ್ಟಳು. ಆಮೇಲೆ ನಾಚಿಕೊಂಡು, ಇಟ್ಟಿಗೆ ಗೂಡು ಎಷ್ಟು ದೂರ ಎಂದು ನನ್ನನ್ನು ವಿಚಾರಿಸಿದಳು.

ಸುದ್ದಿ ಪುರಸಭೆಗೆ ಮುಟ್ಟಿ ಮಾರಯ್ಯ ಬಕೆಟ್ಟು ಹಿಡಿದು ಬಂದ. ತಪ್ಪು ತಿಳ್ಕೋಬೇಡವ್ವ ಎಂದು ಹೇಳಿ ಕುಕ್ಕರಗಾಲಿನಲ್ಲಿ ಕೂತು ಹುಡುಕಿದ. ಬುಟ್ಟಿಯ ಬುಡ ನೋಡಿದ, ಸೀರೆಯ ಅಂಚು ನೋಡಿದ.

"ಪಾದವೇ ಕಾಣಲ್ವಲ್ಲ ಚಂಪಕ್ಕ."

"ಕೂತಿದಾಳಲ್ಲಪ್ಪ. ಸೀರೆ ಒಳಗೆ ಮಡಚಿಕೊಂಡಿರ್ತಾಳೆ."

"ಎದ್ದಾಗ ಹೇಳಿ ಕಳ್ಸಿ," ಎಂದು ಅವನು ಹೊರಟುಹೋದ.

ಅಷ್ಟರಲ್ಲಿ ಚುನಾವಣೆ ಹತ್ತಿರ ಬಂತು. ಅಚ್ಚು ಕತ್ತರಿಸುವುದು ತಪ್ಪೆಂದು ಬೋರ್ಡು ಹಾಕಿಸಿದ ಕಾಂತರಾಜು ತನ್ನದೇ ಅಚ್ಚನ್ನು ಒಳ್ಳೆಯ ತಗಡಿನಲ್ಲಿ ಕೊರೆಸಿದ. ಬಿಳಿ ಜುಬ್ಬ, ಮುಗಿದ ಕೈ, ನಗುಮುಖ, ಮುಂದಿಟ್ಟ ಬಲಗಾಲು. ಪುರಸಭೆಯ ಗೋಡೆಗೆ ಅದನ್ನು ಒತ್ತಿಸಿದ್ದೇ ಒತ್ತಿಸಿದ್ದು. ಅವು ಮನೆಮನೆಗೆ ಕೈಮುಗಿಯಲು ಹೊರಟವು. ಮಾರಯ್ಯನ ಬಕೆಟ್ಟು ಒಣಗಿ ಮೂಲೆ ಸೇರಿತು. ದ್ಯಾವಮ್ಮ ಇದನ್ನು ಕೇಳಿ, "ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ. ಗಾದೆ ಮಾಡಿದೋರು ನಮ್ಮೂರ ಪುರಸಭೆ ನೋಡೇ ಮಾಡಿರ್ಬೇಕು," ಎಂದಳಂತೆ.

ಕಾಂತರಾಜುಗಳ ಮೊದಲ ತಂಡ ಕಲ್ಲುಬೀದಿಗೆ ಬಂತು. ನಮ್ಮೂರಿನ ಚಿತ್ರಗಳು ಒಂದರ ಮೇಲೊಂದು ಹತ್ತುವುದಿಲ್ಲ. ಆ ಮಟ್ಟಿಗೆ ಅವು ಜನರಿಗಿಂತ ವಾಸಿ. ಎದುರಾದರೆ ಎರಡೂ ಕೊಂಚ ಓರೆಯಾಗಿ ಸರಿದು ದಾರಿ ಬಿಟ್ಟುಕೊಡುತ್ತವೆ. ಆದರೆ ಕೂತವಳು ಸರಿಯುತ್ತಾಳೆಯೇ? ಮೊದಲನೆಯ ಕಾಂತರಾಜು ನನ್ನ ಬಾಗಿಲು ದಾಟಿ ಬಂದು, ಬುಟ್ಟಿಯ ಮುಂದೆ ಕೈಮುಗಿದು ನಿಂತ. ಹಿಂದೆ ಎರಡನೆಯವನು ಬಂದು ನಿಂತ. ಸಂಜೆಯ ಹೊತ್ತಿಗೆ ಸಾಲು ಹಿಟ್ಟಿನ ಗಿರಣಿ ಮುಟ್ಟಿತು. ಮಾರನೆಯ ದಿನ ತಿರುವು ದಾಟಿ ಶಾಲೆಯ ಕಾಂಪೌಂಡಿಗೆ ಹೋಯಿತು. ಅಧ್ಯಕ್ಷರೆಲ್ಲ ನಗುನಗುತ್ತ, ಕೈಮುಗಿದು, ದ್ಯಾವಮ್ಮನ ಸೊಪ್ಪಿಗೆ ಕಾದು ನಿಂತಂತಿತ್ತು.

ಊರು ನಗಲು ಶುರುಮಾಡಿತು. ಕೆಲಸವಿಲ್ಲದವರೂ ಕಲ್ಲುಬೀದಿಗೆ ಬಂದರು. "ಅಧ್ಯಕ್ಷರಿಗೆ ದಂಟಾ, ಹರಿವೆಯಾ?" "ಏ, ತಳ್ಳಬೇಡ್ರೋ, ಹಿಂದಿನೋರು ಕಾಯಿರಿ!" ಗಿರಣಿಯವನಂತೂ ನಾಲ್ಕನೆಯ ಕಾಂತರಾಜುವಿನ ತೋಳಿನ ಪಕ್ಕದ ಮೊಳೆಗೆ ಒಂದು ಕೈಚೀಲ ನೇತುಹಾಕಿದ. ಆ ಸಾಲನ್ನು ಅಳಿಸೋಣವೆಂದರೆ ಮಾರಯ್ಯ ಕಿವಿ ಮುಚ್ಚಿಕೊಂಡ. "ಧಣಿ ಮುಖಕ್ಕೆ ನಾನು ಸುಣ್ಣ ಬಳಿಯೋದಾ? ಅದೂ ಓಟಿನ ಟೈಮಲ್ಲಿ? ಶಾಂತಂ ಪಾಪಂ!"

ಕೊನೆಗೆ ಕಾಂತರಾಜು ತಾನೇ ಬಂದ. ಬಿಡುತ್ತೇನೆಂದರೂ ಹೊಟ್ಟೆಪಾಡಿಗೆ ಶೆಡ್ಡಿಗೇ ಹೋಗುತ್ತಿದ್ದ ದ್ಯಾವಮ್ಮನನ್ನೂ ಜೀಪು ಕಳಿಸಿ, ಬುಟ್ಟಿಯ ಸಮೇತ ಕರೆಸಿದ. ಮಧ್ಯಾಹ್ನವಾದರೂ ಬೀದಿ ಮಲಗಿರಲಿಲ್ಲ. ತನ್ನದೇ ಮುಖಗಳ ಸಾಲಿನ ಪಕ್ಕ ನಡೆದು ಬರುವಾಗ ಅವನು ಇಂಗು ತಿಂದ ಮಂಗನಂತಾಗಿದ್ದ. ಕೆಟ್ಟವನೇನಲ್ಲ. ಚೊಕ್ಕಟದ ಹುಚ್ಚು, ಅಷ್ಟೇ. ಅವನ ಹೆಂಡತಿಯ ಬ್ಲೌಸಿನಲ್ಲಿ ಒಂದು ದಾರ ಇಣುಕಿದರೂ ವಾಪಸ್ಸು ಬರುತ್ತದೆ.

"ದ್ಯಾವಮ್ಮ, ಇದನ್ನ ಎಬ್ಬಿಸಿ," ಎಂದ.

"ನಾನೆಂಗಪ್ಪಾ ಎಬ್ಬಿಸ್ಲಿ? ಗೋಡೆ ಚಿತ್ರ ನನ್ ಮಾತ್ ಕೇಳ್ತದಾ?"

"ನಿಮ್ಮದೇ ಚಿತ್ರ ಅಲ್ವಾ?"

ದ್ಯಾವಮ್ಮ ಚಿತ್ರವನ್ನು ನೋಡಿದಳು. ಸೀರೆಯ ಅಂಚಿನ ಮೇಲೆ ಅವಳ ಕಣ್ಣು ಒಂದು ಗಳಿಗೆ ನಿಂತಿದ್ದನ್ನು ನಾನು ಕಂಡೆ. ಆಗ ಅರ್ಥವಾಗಲಿಲ್ಲ.

"ಕಾಂತೂ, ಕೋಪ ಮಾಡ್ಕೋಬೇಡ," ಎಂದಳು. "ನೀನ್ ಹೊಟ್ಟೇಲಿದ್ದಾಗ ನಿಮ್ಮವ್ವಂಗೆ ನುಗ್ಗೆಸೊಪ್ಪು ಇದೇ ಜಾಗದಿಂದ ಹೋಗ್ತಿತ್ತು. ಈ ಗೋಡೆಯವಳು ಯಾಕ್ ಕೂತವಳೆ ಗೊತ್ತಾ? ನನ್ ಜಾಗ ಖಾಲಿ ಬಿದ್ದದೆ ಅಂತ. ನಾನ್ ಬಂದು ಕೂತ್ರೆ ಅವಳು ಎದ್ರೂ ಎದ್ದಾಳು."

ಕಾಂತರಾಜು ಸಾಲನ್ನು ನೋಡಿದ, ನೆರೆದ ಜನರನ್ನು ನೋಡಿದ. ಅಡಕತ್ತರಿಯಲ್ಲಿ ಸಿಕ್ಕಿದ ಅಡಕೆಯಾಗಿದ್ದ. ಗಂಟಲು ಸರಿಮಾಡಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದ. "ಆಯ್ತು. ಈ ಚಿತ್ರ ಇಲ್ಲಿಂದ ಹೋಗೋವರೆಗೂ ನೀವು ಇಲ್ಲಿ ಕೂತ್ಕೊಳ್ಳಿ. ಅಲ್ಲೀತಂಕ ನಿಮ್ಮನ್ನ ಯಾರೂ ಎಬ್ಬಿಸಲ್ಲ, ನನ್ ಮಾತು. ಅದು ಹೊರಟ ದಿನ ನೀವೂ ಹೊರಡ್ಬೇಕು."

ನಮ್ಮೂರಿನಲ್ಲಿ ಹೊರಡದೆ ಉಳಿದ ಚಿತ್ರ ಯಾವುದಿದೆ? ಇವತ್ತಲ್ಲ ನಾಳೆ ಎದ್ದು ನಡೆದೇ ನಡೆಯುತ್ತದೆ. ಇವಳು ಮತ್ತೆ ಆ ತಗಡಿನ ಕೆಳಗೆ. ಬೇಡ ಅನ್ನು ಎಂದು ಕಣ್ಸನ್ನೆ ಮಾಡಿದೆ. ದ್ಯಾವಮ್ಮ ನನ್ನತ್ತ ತಿರುಗಲೇ ಇಲ್ಲ.

"ಆಗಲಪ್ಪಾ," ಎಂದು, ಗೋಡೆಗೆ ಕೈಕೊಟ್ಟು ಮೆಲ್ಲಗೆ ತನ್ನ ಜಾಗದಲ್ಲಿ ಕೂತಳು. ಕೂತ ಕೂಡಲೇ ನೀರು ಚಿಮುಕಿಸಿ ನನ್ನ ಮೆಟ್ಟಿಲು ನೆನೆಸಿದಳು. ನಾನು ಬೈಯಲಿಲ್ಲ. ಕಣ್ಣಲ್ಲಿ ನೀರು ಬಂತು, ಒಳಗೆ ಹೋಗಿ ಸುಮ್ಮನೆ ಮೆಷಿನ್ ತುಳಿದೆ.

ಬೆಳಿಗ್ಗೆ ಅಂಗಡಿ ತೆರೆಯಲು ಬಂದಾಗ ಚಿತ್ರ ಎದ್ದು ನಿಂತಿತ್ತು. ಬುಟ್ಟಿ ಸೊಂಟಕ್ಕೇರಿತ್ತು. ನಿಂತವಳು ಕೊಂಚ ಓರೆಯಾಗಿ ಕಂಬದ ಕಡೆ ಒತ್ತಿಕೊಂಡು ದಾರಿ ಬಿಟ್ಟಿದ್ದಳು. ನಾನು ಅತ್ತ ತಿರುಗಿದಾಗಲೆಲ್ಲ ಒಬ್ಬೊಬ್ಬ ಕಾಂತರಾಜು ಕೈಮುಗಿದು ಅವಳನ್ನು ದಾಟಿ ಹೋಗುತ್ತಿದ್ದ. ಕೆಳಗೆ ದ್ಯಾವಮ್ಮ ಮೆಂತ್ಯದ ಕಟ್ಟು ಜೋಡಿಸುತ್ತಿದ್ದಳು. ನನಗೆ ಅನ್ನ ಸೇರಲಿಲ್ಲ. ಸಂಜೆಯೊಳಗೆ ಚಿತ್ರ ಹೊರಡುತ್ತದೆ, ಆಮೇಲೆ ಇವಳು.

ಸಂಜೆಯಾಯಿತು. ಚಿತ್ರ ಅಲ್ಲೇ ನಿಂತಿತ್ತು. ಮರುದಿನವೂ ನಿಂತಿತ್ತು. ಸಾಲು ಪೂರ್ತಿ ಕರಗಿ ಕೊನೆಯ ಕಾಂತರಾಜು ದಾಟಿ ಹೋದ ಮೇಲೂ ಅದು ಒಂದು ಬೆರಳಿನಷ್ಟೂ ಅತ್ತಿತ್ತ ಆಗಿರಲಿಲ್ಲ. ಮಾರಯ್ಯ ಬಂದ, ಹಿಂದೆಯೇ ಅಧ್ಯಕ್ಷನೂ ಬಂದ. ಮಾರಯ್ಯ ಕುಕ್ಕರಗಾಲಿನಲ್ಲಿ ಕೂತು ಸೀರೆಯ ಅಂಚನ್ನು ಈ ತುದಿಯಿಂದ ಆ ತುದಿಗೆ ನೋಡಿ ತಲೆ ಆಡಿಸಿದ.

"ಬುದ್ಧೀ, ಇವಳಿಗೆ ಕಾಲೇ ಇಲ್ಲ."

ಕಾಂತರಾಜು ತಾನೂ ಬಗ್ಗಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ. "ಏನಮ್ಮಾ ಇದು? ಕಾಲೆಲ್ಲಿ?"

"ಕತ್ತರಿಸಿಲ್ಲ ಸ್ವಾಮಿ," ಎಂದೆ. ನನ್ನ ದನಿ ನನಗೇ ಬೇರೆ ಯಾರದ್ದೋ ಅನ್ನಿಸಿತು. "ಕೂತವಳನ್ನ ನೋಡ್ಕೊಂಡು ಕತ್ತರಿಸ್ದೆ. ಕಾಲು ಕಾಣಲಿಲ್ಲ."

ಮೊದಲು ಗಿರಣಿಯವನು ನಕ್ಕ, ಆಮೇಲೆ ಬೀದಿ ನಕ್ಕಿತು. ಕಾಂತರಾಜು ಕೆಂಪಾದ. ಇಡೀ ಬೀದಿಯ ಮುಂದೆ ಕೊಟ್ಟ ಮಾತು, ಚುನಾವಣೆ ಎದುರಿಗಿತ್ತು. ದ್ಯಾವಮ್ಮ ನಗಲಿಲ್ಲ. ನುಗ್ಗೆಸೊಪ್ಪಿನ ಒಂದು ಕಟ್ಟು ಎತ್ತಿ ಅವನ ಕೈಗೆ ಕೊಟ್ಟಳು. "ನಿನ್ ಹೆಂಡ್ತಿಗೆ ಕೊಡಪ್ಪ. ಎಳೇದು." ಅವನು ಅದನ್ನು ಹಿಡಿದುಕೊಂಡು, ಚಿತ್ರಗಳ ಹಾಗೆಯೇ, ಮೆಲ್ಲಗೆ ಹೊರಟುಹೋದ.

ಜನ ಚೆದುರಿದ ಮೇಲೆ ನಾನು ಅವಳ ಪಕ್ಕ ನೆಲದ ಮೇಲೆ ಕೂತೆ.

"ನಿಂಗೆ ಗೊತ್ತಿತ್ತಾ?"

"ನಿನ್ ಅಂಗ್ಡೀಲಿ ಹಾಳೆ ಬೆಳಕಿಗೆ ಹಿಡಿದಾಗ್ಲೇ ನೋಡ್ದೆ ಕಣೇ," ಎಂದಳು. "ನನ್ ಮಂಡಿ ಇತ್ತು, ಅದರ ಕೆಳಗೆ ಏನೂ ಇರ್ಲಿಲ್ಲ. ಹೇಳಿದ್ರೆ ನೀನು ಕಾಲೂ ಕತ್ತರಿಸಿಬಿಡ್ತಿದ್ದೆ."

ಮಾರನೆಯ ದಿನ ಮಧ್ಯಾಹ್ನ ಊರು ಮಲಗಿದ್ದಾಗ ಅಂಗಡಿಯ ಬಾಗಿಲಲ್ಲಿ ನೆರಳಾಯಿತು. ತಲೆ ಎತ್ತಿದರೆ ಈರುಳ್ಳಿ ತಿಮ್ಮಕ್ಕ. ಅವಳ ಹಿಂದೆ ಶೆಡ್ಡಿನ ಮಿಕ್ಕ ಹೆಂಗಸರು, ಎಲ್ಲರ ಕಂಕುಳಲ್ಲೂ ಸುರುಳಿ ಸುತ್ತಿದ ಎಕ್ಸ್-ರೇ ಹಾಳೆ. ತಿಮ್ಮಕ್ಕ ಒಳಗೆ ಬಂದು, ಮೆಷಿನ್ನಿನ ಎದುರು ದ್ಯಾವಮ್ಮ ಅವತ್ತು ಕೂತಿದ್ದ ಜಾಗದಲ್ಲೇ ಕಾಲು ಮಡಚಿ, ಸೀರೆ ಎಳೆದು ಮುಚ್ಚಿ, ನೆಟ್ಟಗೆ ಕೂತಳು.

"ನಂದೂ ಒಂದು ಕತ್ತರಿಸು ಚಂಪಕ್ಕ," ಎಂದಳು. "ಕಾಲು ಬೇಡ."